ಮಡಿಕೇರಿಯ ಹೆಡ್‌ಮಾಸ್ತರರು ಮತ್ತು ಗಟ್ಟಿಯಾಗಿ ನಗಿಸುವ ಪುಸ್ತಕಗಳು

ಕೊಡಗಿನಲ್ಲಿ ಪಂಜೆ ಮಂಗೇಶರಾಯರ ಹೆಸರೆತ್ತಿದರೆ ಎದುರಿಗಿದ್ದವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ‘ಹುತ್ತರಿ ಹಾಡು’ ಬರೆದವರಲ್ಲವೇ ಅವರು! ಶಾಲೆಯ ವಾರ್ಷಿಕೋತ್ಸವವಾಗಲಿ, ಸಾಹಿತ್ಯ ಸಮಾರಂಭವಾಗಲಿ, ಆ ಹಾಡು ಶುರುವಾದರೆ ಮಾತು ನಿಲ್ಲುತ್ತದೆ. ಕಾವೇರಿ, ಬೆಟ್ಟ, ವೀರರ ನಾಡು ಎಂದು ಹಾಡು ಏರುತ್ತಾ ಹೋಗುತ್ತದೆ. 1920ರ ದಶಕದಲ್ಲಿ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ಮೇಷ್ಟರೊಬ್ಬರು ತಾವು ಕೆಲಸಕ್ಕೆ ಬಂದ ಊರಿಗೆ ಕೊಟ್ಟ ಉಡುಗೊರೆ ಅದು. ಇಷ್ಟು ದೊಡ್ಡ ಉಡುಗೊರೆ ಕೊಟ್ಟವರ ಉಳಿದ ಸಾಮಾನು ಏನೇನಿದೆ ಎಂದು ಯಾರೂ ಗಂಟು ಬಿಚ್ಚಿ ನೋಡುವುದಿಲ್ಲ. ನೋಡಿದ್ದರೆ ಅದರೊಳಗಿಂದ ಮೊದಲು ಹೊರಗೆ ಉರುಳುತ್ತಿದ್ದುದು ನಗು.

ಪಂಜೆಯವರು ಮಡಿಕೇರಿಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ, 1900ರ ಸುಮಾರಿಗೆ, ಮಂಗಳೂರಿನ ‘ಸುವಾಸಿನಿ’ ಪತ್ರಿಕೆಯಲ್ಲಿ ಸಣ್ಣ ಸಣ್ಣ ಗದ್ಯ ತುಣುಕುಗಳನ್ನು ಬರೆಯುತ್ತಿದ್ದರು. ‘ನನ್ನ ಚಿಕ್ಕತಾಯಿ’, ‘ನನ್ನ ಚಿಕ್ಕತಂದೆ’, ‘ನನ್ನ ಹೆಂಡತಿ’ ಎಂಬವು ಅವುಗಳ ಹೆಸರು. ಕವಿಯಾಗಿ ‘ಕವಿಶಿಷ್ಯ’ ಎಂದು ಸಹಿ ಹಾಕುತ್ತಿದ್ದ ಮನುಷ್ಯ ಇನ್ನೊಂದು ಹೆಸರನ್ನೂ ಇಟ್ಟುಕೊಂಡಿದ್ದರು: ‘ಹರಟೆಮಲ್ಲ’. ಒಂದು ಹೆಸರಿನಲ್ಲಿ ಕೈಕಟ್ಟಿ ನಿಂತ ಶಿಷ್ಯ, ಇನ್ನೊಂದರಲ್ಲಿ ಜಗಲಿಯ ಮೇಲೆ ಕಾಲುಚಾಚಿ ಕುಳಿತ ಮಲ್ಲ. ಇಬ್ಬರಲ್ಲಿ ಕೊಡಗು ಶಿಷ್ಯನನ್ನು ಮನೆಗೆ ಕರೆದು ಕೂರಿಸಿತು. ಮಲ್ಲ ಗೇಟಿನ ಹೊರಗೇ ಉಳಿದ.

ಕೊಡಗೊಂದನ್ನೇ ದೂರಿ ಪ್ರಯೋಜನವಿಲ್ಲ. ಕನ್ನಡ ಸಣ್ಣಕತೆಯ ಚರಿತ್ರೆಯೂ ಅದನ್ನೇ ಮಾಡಿದೆ. ಸಣ್ಣಕತೆಯ ಜನಕ ಯಾರು ಎಂಬ ಪರೀಕ್ಷೆಯ ಪ್ರಶ್ನೆಗೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಎಂದು ಬರೆದರೆ ಅಂಕ ಬರುತ್ತದೆ. ಅವರ ‘ಕೆಲವು ಸಣ್ಣ ಕತೆಗಳು’ 1920ರದು. ಮಾಸ್ತಿಯವರ ಹಿರಿಮೆ ಪ್ರಶ್ನಾತೀತ. ಆದರೆ ಅದಕ್ಕೆ ಇಪ್ಪತ್ತು ವರ್ಷ ಮೊದಲೇ ಬರೆದ ಪಂಜೆ, ಅವರ ಹಿಂದೆಮುಂದೆ ಬರೆದ ಎಂ. ಎನ್. ಕಾಮತ್, ಕೆರೂರು ವಾಸುದೇವಾಚಾರ್ಯ ಇವರನ್ನು ‘ಪೂರ್ವಸೂರಿಗಳು’ ಎಂಬ ಒಂದು ಪ್ಯಾರಾದಲ್ಲಿ ಮುಗಿಸುವುದು ವಾಡಿಕೆ. ಪಂಜೆಯವರ ಮಟ್ಟಿಗೆ ಇದಕ್ಕೆ ಕೊಡುವ ಕಾರಣ ಏನೆಂದರೆ, ಅವು ಕತೆಗಿಂತ ಹೆಚ್ಚಾಗಿ ಹರಟೆ, ಲಘು ಚಿತ್ರಗಳು ಎಂಬುದು. ಈ ‘ಲಘು’ ಎಂಬ ಶಬ್ದದ ಮೇಲೆ ನನಗೆ ಬಹಳ ದಿನದಿಂದ ಗುಮಾನಿ. ಓದುಗ ನಕ್ಕರೆ ತೂಕ ಕಡಿಮೆ, ಅತ್ತರೆ ತೂಕ ಹೆಚ್ಚು ಎಂಬ ತಕ್ಕಡಿಯನ್ನು ನಮಗೆ ಯಾರು ಕೊಟ್ಟರೋ ತಿಳಿಯದು. ಕನ್ನಡದ ಸಣ್ಣಕತೆ ಹುಟ್ಟುವಾಗ ಅಳಲಿಲ್ಲ, ನಕ್ಕಿತು. ಹಾಗೆ ನಕ್ಕಿದ್ದರಿಂದಲೇ ಜನನ ದಾಖಲೆಯಲ್ಲಿ ಅದರ ಹೆಸರು ತಡವಾಗಿ ಸೇರಿತು ಎಂದೇ ನನ್ನ ಎಣಿಕೆ.

ಆ ಕಾಲದ ಕರಾವಳಿಯನ್ನೊಮ್ಮೆ ನೆನೆಯಿರಿ. 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ನಾವು ಓದುವ ಅದರ ತುಂಬ ಲಂಚಕೋರರನ್ನೂ ಕಪಟ ಸನ್ಯಾಸಿಗಳನ್ನೂ ಕುಟುಕುವ ವಿಡಂಬನೆಯಿದೆ. ಅದೇ ವರ್ಷಗಳಲ್ಲಿ ಉಡುಪಿಯ ವ್ಯಾಯಾಮ ಶಿಕ್ಷಕ, ಮುದ್ದಣ ಎಂಬ ಹೆಸರಿನ ನಂದಳಿಕೆ ಲಕ್ಷ್ಮೀನಾರಣಪ್ಪ, ತನ್ನ ‘ಶ್ರೀರಾಮಾಶ್ವಮೇಧ’ವನ್ನು ಹಳೆಯ ಕವಿಯ ಕೃತಿಯೆಂಬಂತೆ ಮೈಸೂರಿಗೆ ಕಳುಹಿಸುತ್ತಿದ್ದ. ಯಾಗದ ಕುದುರೆ ದೇಶ ಸುತ್ತುವ ಆ ಗಂಭೀರ ಕಾವ್ಯದ ನಡುನಡುವೆ ಕವಿಯೂ ಅವನ ಹೆಂಡತಿ ಮನೋರಮೆಯೂ ಮಳೆಗಾಲದ ಸಂಜೆ ಕುಳಿತು ಮಾತಿನ ಚಕಮಕಿ ನಡೆಸುತ್ತಾರೆ. ಇಂದು ಎಷ್ಟು ಜನ ಕುದುರೆಯ ಕತೆ ಓದುತ್ತಾರೋ ಕಾಣೆ. ಮನೋರಮೆಯ ಮಾತು ಮಾತ್ರ ಉಳಿದಿದೆ. ಪಂಜೆಯವರು ಇದೇ ಗಾಳಿಯಲ್ಲಿ ಬೆಳೆದವರು.

ಅವರ ಶೀರ್ಷಿಕೆಗಳನ್ನಷ್ಟೇ ನೋಡಿ. ‘ಕಮಲಾಪುರದ ಹೊಟ್ಲಿನಲ್ಲಿ’. ಕಮಲಾಪುರ ಎಂದಾಗ ಅರಮನೆಯೋ ಉದ್ಯಾನವೋ ಬರಬೇಕು. ಬಂದದ್ದು ಹೊಟ್ಲು, ಅದೂ ಇಂಗ್ಲಿಷಿನ ಹೋಟೆಲಲ್ಲ, ಕನ್ನಡದ ನಾಲಗೆ ಮೇಲೆ ಹೊರಳಿ ಮೈ ಸವೆಸಿಕೊಂಡ ಹೊಟ್ಲು. ‘ವೈದ್ಯರ ಒಗ್ಗರಣೆ’. ಮದ್ದಿನ ಕೋಣೆಯ ಒಂದು ಶಬ್ದ, ಅಡುಗೆ ಕೋಣೆಯ ಒಂದು ಶಬ್ದ. ಎರಡನ್ನೂ ಪಕ್ಕಪಕ್ಕ ಕೂರಿಸಿದ ಕೂಡಲೇ ಸಾಸಿವೆ ಸಿಡಿಯತೊಡಗುತ್ತದೆ. ಇದು ಅರ್ಥದಿಂದ ಬರುವ ನಗುವಲ್ಲ, ಕಿವಿಯಿಂದ ಬರುವ ನಗು. ಮಕ್ಕಳಿಗಾಗಿ ಬರೆದ ‘ಇಲಿಗಳ ಥಕಥೈ’, ‘ಮೆಣಸಿನ ಕಾಳಪ್ಪ’, ‘ಹೇನು ಸತ್ತು ಕಾಗೆ ಬಡವಾಯಿತು’ ಇವೆಲ್ಲ ಓದುವ ಹೆಸರುಗಳಲ್ಲ, ಬಾಯಿ ತುಂಬ ಹೇಳುವ ಹೆಸರುಗಳು.

ಇಂಥ ಕಿವಿ ಅವರಿಗೆ ಎಲ್ಲಿಂದ ಬಂತು? ಪಂಜೆಯವರ ಮನೆಮಾತು ಕೊಂಕಣಿ. ಅವರು 1874ರಲ್ಲಿ ಹುಟ್ಟಿದ ಬಂಟ್ವಾಳದ ಬೀದಿಯ ಮಾತು ತುಳು. ಕನ್ನಡ ಅವರಿಗೆ ಕಲಿತು, ಕಲಿಸಿ ಸ್ವಂತ ಮಾಡಿಕೊಂಡ ಭಾಷೆ. ಮನೆಮಾತನ್ನು ನಾವು ಉಸಿರಾಡುತ್ತೇವೆ, ಅದರ ಸದ್ದು ನಮಗೆ ಕೇಳಿಸುವುದೇ ಇಲ್ಲ. ಬಾಗಿಲಾಚೆಯಿಂದ ಬಂದ ಭಾಷೆಯ ಪ್ರತಿ ಶಬ್ದವೂ ಒಮ್ಮೆ ಟಣ್ಣೆನ್ನುತ್ತದೆ. ಕನ್ನಡದ ನಗೆಬರಹಗಾರರ ಸಾಲನ್ನು ನೋಡುತ್ತಾ ಹೋದರೆ ಇದು ಬರೀ ಕಾಕತಾಳೀಯ ಅನ್ನಿಸುವುದಿಲ್ಲ. ಟಿ. ಪಿ. ಕೈಲಾಸಂ ಅವರ ಮನೆಮಾತು ತಮಿಳು. ಜಿ. ಪಿ. ರಾಜರತ್ನಂ, ಗೊರೂರು ರಾಮಸ್ವಾಮಿ ಅಯ್ಯಂಗಾರ್ ಇಬ್ಬರೂ ಮನೆಯಲ್ಲಿ ತಮಿಳಾಡುವ ಕುಲದವರು. ‘ಅನರ್ಥಕೋಶ’ ಬರೆದು ಕನ್ನಡ ನಿಘಂಟನ್ನೇ ತಲೆಕೆಳಗು ಮಾಡಿದ ನಾ. ಕಸ್ತೂರಿ ಕೇರಳದ ತ್ರಿಪ್ಪೂಣಿತ್ತುರದಲ್ಲಿ ಹುಟ್ಟಿದ ಮಲಯಾಳಿ, ಮೈಸೂರಿಗೆ ಇತಿಹಾಸ ಪಾಠ ಹೇಳಲು ಬಂದವರು. ಬೀಚಿಯಂಥ ಅಪವಾದಗಳಿಲ್ಲದಿಲ್ಲ. ಆದರೂ ಕನ್ನಡವನ್ನು ನಗಿಸಿದವರಲ್ಲಿ ಇಷ್ಟು ಜನ ಹೊಸ್ತಿಲ ಮೇಲೆ ಕುಳಿತವರು ಎಂಬುದನ್ನು ಚರಿತ್ರೆ ಬರೆಯುವವರು ಅಡಿಟಿಪ್ಪಣಿಯಲ್ಲಾದರೂ ಹೇಳಬೇಕಿತ್ತು.

ಈ ಲೆಕ್ಕದಲ್ಲಿ ಕೊಡಗು ಕನ್ನಡ ಹಾಸ್ಯದ ರಾಜಧಾನಿಯಾಗಬೇಕಿತ್ತು. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಎರವರ ಮಾತು, ಕುರುಬರ ಮಾತು: ಒಂದೇ ಸಂತೆಯಲ್ಲಿ ಇಷ್ಟೆಲ್ಲ ಕೇಳುವ ನಾಡು ಬೇರೆ ಎಷ್ಟಿವೆ? ಇವರೆಲ್ಲರ ನಡುವೆ ಕನ್ನಡ ಶಾಲೆಯ, ಕಚೇರಿಯ, ಗ್ರಂಥದ ಭಾಷೆ. ಹಾಲೇರಿ ಅರಸ ದೊಡ್ಡ ವೀರರಾಜೇಂದ್ರ ತನ್ನ ವಂಶದ ಕತೆ ‘ರಾಜೇಂದ್ರನಾಮೆ’ಯನ್ನು ಬರೆಸಿದ್ದು ಕನ್ನಡದಲ್ಲಿ. 1834ರಲ್ಲಿ ಬ್ರಿಟಿಷರು ಬಂದ ಮೇಲೂ, 1956ರಲ್ಲಿ ಮೈಸೂರಿಗೆ ಸೇರುವವರೆಗೂ, ಅರ್ಜಿ ಬರೆಯುವ ಭಾಷೆ ಹೆಚ್ಚಾಗಿ ಅದೇ. ಅಲ್ಲಿಯೇ ತೊಡಕು ಅನ್ನಿಸುತ್ತದೆ. ಅರ್ಜಿ ಬರೆಯುವ ಭಾಷೆಯಲ್ಲಿ ಯಾರೂ ನಗುವುದಿಲ್ಲ. ಕೊಡಗಿನವರಿಗೆ ಕನ್ನಡ ಇಸ್ತ್ರಿ ಮಾಡಿದ ಅಂಗಿ. ನಗುವಾಗ ಅದನ್ನು ಕಳಚಿ ಗೂಟಕ್ಕೆ ತಗುಲಿಸಿ ಮನೆಮಾತಿಗೆ ಹೋಗುತ್ತಿದ್ದರು.

ನಗುವೇನೂ ಕಡಿಮೆಯಿರಲಿಲ್ಲ. ಗೋಣಿಕೊಪ್ಪದ ಹತ್ತಿರದ ದೇವರಪುರದಲ್ಲಿ ಮೇ ತಿಂಗಳಿನಲ್ಲಿ ನಡೆಯುವ ಕುಂಡೆ ಹಬ್ಬವನ್ನು ಕಂಡವರಿಗೆ ಇದು ಗೊತ್ತು. ಜೇನುಕುರುಬರೂ ಎರವರೂ ಹೆಣ್ಣುವೇಷ, ಚಿಂದಿವೇಷ ಹಾಕಿಕೊಂಡು, ಡಬ್ಬ ಬಡಿಯುತ್ತಾ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಬಯ್ಯುತ್ತಾ ಕಾಸು ಕೇಳುತ್ತಾರೆ. ತೋಟದ ಧಣಿಗೂ ಬೈಗುಳ, ದೇವರಿಗೂ ಬೈಗುಳ. ಕಾಡಿಗೆ ಕರೆದುಕೊಂಡು ಹೋದ ದೇವರು ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ನಡುದಾರಿಯಲ್ಲಿ ಕೈಬಿಟ್ಟ ಎಂಬುದು ಅವರ ದೂರು. ವರ್ಷವಿಡೀ ತೋಟದಲ್ಲಿ ತಲೆತಗ್ಗಿಸಿ ದುಡಿದವರಿಗೆ ಆ ದಿನ ಬಾಯಿಗೆ ಬೀಗವಿಲ್ಲ. ಈ ನಗುವನ್ನು ಪುಸ್ತಕಕ್ಕಿಳಿಸಿದರೆ ಏನಾಗುತ್ತದೋ ಹೇಳಲಾರೆ. ಬಹುಶಃ ಅಚ್ಚಿನ ಮೊಳೆಗಳೇ ನಾಚಿಯಾವು. ಇತ್ತ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಹೊರತಂದರು. ಪಂಜೆಯವರು ಮಡಿಕೇರಿಯಲ್ಲಿದ್ದ ದಶಕವದು. ಕೊಡವ ಹಾಡು, ಪದ್ಧತಿ, ಗಾದೆಗಳ ಆ ಸಂಗ್ರಹದ ಲಿಪಿ ಕನ್ನಡ, ನಾಲಗೆ ಕೊಡವ. ಗಾದೆಗಳಲ್ಲಿ ಎಷ್ಟೋ ಕಡೆ ತುಟಿಯ ಅಂಚಿನಲ್ಲಿ ನಗು ಸುಳಿಯುತ್ತದೆ.

ಕನ್ನಡದಲ್ಲಿ ಬರೆದ ಕೊಡಗು ಮಾತ್ರ ಅಳುವ ಕೊಡಗು. ಇದನ್ನು ಹಳಿಯಲು ಹೇಳುತ್ತಿಲ್ಲ. ಕೊಡಗಿನ ಗೌರಮ್ಮ 1939ರಲ್ಲಿ, ಇನ್ನೂ ಇಪ್ಪತ್ತೇಳರ ಹರೆಯದಲ್ಲಿ, ನೀರುಪಾಲಾದರು. ಅವರು ಹೋದ ಮೇಲೆ ಬಂದ ಸಂಕಲನದ ಹೆಸರು ‘ಕಂಬನಿ’. ವಿಧವೆಯರ, ಮೋಸಹೋದ ಹುಡುಗಿಯರ ಆ ಕತೆಗಳನ್ನು ಓದದೆ ಕನ್ನಡ ಕತೆ ಓದಿದೆ ಎನ್ನಲಾಗದು. ಆದರೆ ಅದೇ ಮಡಿಕೇರಿಯಲ್ಲಿ ಕೆಲವು ವರ್ಷ ಹಿಂದೆಯಷ್ಟೇ ಹರಟೆಮಲ್ಲನೊಬ್ಬ ಹೈಸ್ಕೂಲಿನ ಗಂಟೆ ಹೊಡೆಸುತ್ತಿದ್ದ ಎಂಬುದನ್ನೂ ಜೊತೆಗೆ ನೆನೆದರೆ ಊರು ಪೂರ್ತಿಯಾಗುತ್ತದೆ.

ಮಡಿಕೇರಿ ಕನ್ನಡದ ಒಂದು ನಗೆಪುಸ್ತಕದೊಳಗೆ ಬಂದೇ ಬಂತು, ಆದರೆ ಒಬ್ಬ ಕುಡುಕನ ತೋಳು ಹಿಡಿದುಕೊಂಡು. ರಾಜರತ್ನಂ ಅವರ ರತ್ನ 1930ರ ದಶಕದ ಆರಂಭದಲ್ಲಿ ಹುಟ್ಟಿದವನು. ಪಾಳಿ ಬಲ್ಲ ಬೌದ್ಧ ಸಾಹಿತ್ಯದ ಪಂಡಿತ, ಮಕ್ಕಳಿಗೆ ತುತ್ತೂರಿಯ ಪದ್ಯ ಬರೆದ ಮನುಷ್ಯ ಹೆಂಡದಂಗಡಿಯ ಭಾಷೆಯಲ್ಲಿ ಒಂದಿಡೀ ಪುಸ್ತಕ ಬರೆದದ್ದು ಆಗಿನ ಕೆಲವರಿಗೆ ಎದೆಗೆ ಒದ್ದಂತಾಗಿರಬೇಕು. ‘ರತ್ನನ ಪದಗಳು’ ಓದುವಾಗ ಮೊದಲ ಕೆಲವು ಪುಟ ನಗು ನಿಲ್ಲುವುದಿಲ್ಲ. ಹೆಂಡ, ಹೆಂಡತಿ ನಂಜಿ, ಕನ್ನಡ ಪದ ಈ ಮೂರನ್ನು ಬಿಟ್ಟು ನಾಲ್ಕನೆಯದು ಬೇಡವೆನ್ನುವ ರತ್ನ ದೇವರ ಜೊತೆ ಚೌಕಾಸಿ ಮಾಡುವ ಧೈರ್ಯವೇ ಸಾಕು. ಹೀಗೆ ನಗುತ್ತಾ ಹೋದವರು ಮಡಿಕೇರಿಯ ಮಂಜಿನ ಪದ್ಯಕ್ಕೆ ಬಂದಾಗ ಸದ್ದಿಲ್ಲದೆ ನಿಂತುಬಿಡುತ್ತಾರೆ. ಹಳ್ಳ ಯಾವುದು ತಿಟ್ಟು ಯಾವುದು ಎಂದು ತಿಳಿಯದಂತೆ ನೆಲದ ಮೇಲೆ ಹಬ್ಬಿದ ಮಂಜನ್ನು ರತ್ನ ನೋಡುತ್ತಾನೆ. ತೂರಾಡುವವನ ಕಣ್ಣಿಗೆ ಲೋಕ ಹೇಗೂ ಮಸುಕು. ಇಲ್ಲಿ ಲೋಕವೇ ಮಸುಕಾಗಿ ಅವನನ್ನು ಸೋಲಿಸಿಬಿಟ್ಟಿದೆ. ಮೈಸೂರು ಅನಂತಸ್ವಾಮಿಯವರ ಗಾಯನದಿಂದ ಈ ಪದ್ಯ ಬಹಳ ಜನಕ್ಕೆ ಬರೀ ಒಂದು ಸುಂದರ ಭಾವಗೀತೆಯಾಗಿ ಪರಿಚಿತ. ಹಾಡಾಗಿ ಮಾತ್ರ ಕೇಳಿದವರು ಅದನ್ನು ಪುಸ್ತಕದಲ್ಲಿ ಅದರ ಜಾಗದಲ್ಲಿ ಓದಬೇಕು. ಅಕ್ಕಪಕ್ಕದ ಪುಟಗಳಲ್ಲಿ ಅಷ್ಟು ನಕ್ಕ ಬಾಯಿ ಅಲ್ಲಿ ಮುಚ್ಚಿಕೊಳ್ಳುವುದರಲ್ಲೇ ಅದರ ಸೊಗಸಿರುವುದು. ಹುತ್ತರಿ ಹಾಡಿನಂತೆ ಇಲ್ಲಿಯೂ ಕೊಡಗು ಗಂಭೀರ ಭಾಗವನ್ನಷ್ಟೇ ತನ್ನದಾಗಿ ಇಟ್ಟುಕೊಂಡಿತು!

ಕೈಲಾಸಂ ಅವರನ್ನು ಶಿಫಾರಸು ಮಾಡುವಾಗ ಒಂದು ಎಚ್ಚರಿಕೆ ಬೇಕು. ಅವರ ನಾಟಕಗಳನ್ನು ಕಣ್ಣಲ್ಲಿ ಓದಿದರೆ ಅರ್ಧ ಸತ್ತಿರುತ್ತವೆ. ಅವರು ಬರೆದವರಲ್ಲ, ಹೇಳಿದವರು, ಗೆಳೆಯರು ಬರೆದುಕೊಂಡರು. ‘ಬಂಡ್ವಾಳ್ವಿಲ್ಲದ ಬಡಾಯಿ’ಯ ಕನ್ನಡ-ಇಂಗ್ಲಿಷ್ ಕಲಸುಮೇಲೋಗರ ಪುಟದ ಮೇಲೆ ತೊಡಕಾಗಿ ಕಾಣುತ್ತದೆ. ಇಬ್ಬರು ಕುಳಿತು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಿ ನೋಡಿ. ಮೂರನೆಯ ಪುಟದೊಳಗೆ ಒಬ್ಬರಿಗೆ ಓದು ಮುಂದುವರಿಸಲಾಗದಿದ್ದರೆ ಕೇಳಿ. ಇಂಗ್ಲಿಷ್ ಸೈನಿಕರ ಟಿಪ್ಪರರಿ ಹಾಡನ್ನು ‘ತಿಪ್ಪಾರಳ್ಳಿ’ಯಾಗಿಸಿದವರು ಅವರು. ಐರ್ಲೆಂಡಿನ ಊರೊಂದನ್ನು ಹಳೆ ಮೈಸೂರಿನ ಗಾಡಿದಾರಿಗೆ ತಂದು ನಿಲ್ಲಿಸಿದ್ದು ಅರ್ಥದ ಬಲದಿಂದಲ್ಲ, ಬರೀ ಸದ್ದಿನ ಹೋಲಿಕೆಯಿಂದ. ಮತ್ತೆ ಅದೇ ಕಿವಿ.

ವೈದ್ಯರಾಗಿದ್ದ ಎಂ. ಶಿವರಾಂ, ಅಂದರೆ ರಾಶಿ, 1942ರಲ್ಲಿ ‘ಕೊರವಂಜಿ’ ಶುರುಮಾಡಿದರು. 1967ರವರೆಗೆ ನಡೆದ ಆ ಪತ್ರಿಕೆಯಲ್ಲಿ ಆರ್. ಕೆ. ಲಕ್ಷ್ಮಣ್ ಎಳೆಯ ವಯಸ್ಸಿನಲ್ಲಿ ಚಿತ್ರ ಬರೆದರು, ಕಸ್ತೂರಿ ಮನಸಾರೆ ಬರೆದರು, ಟಿ. ಸುನಂದಮ್ಮ ಬರೆದರು. ಸುನಂದಮ್ಮನವರ ಹೆಸರನ್ನು ಬೇಕೆಂದೇ ಹೇಳುತ್ತಿದ್ದೇನೆ. ಕನ್ನಡದ ಹಳೆಯ ಹಾಸ್ಯದಲ್ಲಿ ಹೆಂಡತಿಯೆಂದರೆ ಒಡವೆ, ಸೀರೆ, ಸಿಡುಕು. ಗಂಡನೆಂದರೆ ಜೇಬು ಖಾಲಿಯಾದ ಪಾಪದ ಪ್ರಾಣಿ. ನೂರು ವರ್ಷ ಅದೇ ಒರಳಿನಲ್ಲಿ ಅದೇ ಹಿಟ್ಟು. ಆ ಪುಟಗಳನ್ನು ಇಂದು ಹಾರಿಸಿಕೊಂಡು ಹೋದರೆ ಯಾವ ನಷ್ಟವೂ ಇಲ್ಲ. ಸುನಂದಮ್ಮ ಅದೇ ಮನೆಯನ್ನು ಅಡುಗೆಮನೆಯ ಕಡೆಯಿಂದ ನೋಡಿ ಬರೆದರು, ಆಗ ಜಗಲಿಯಲ್ಲಿ ಕುಳಿತು ಹೆಂಡತಿ ಜೋಕು ಹೇಳುತ್ತಿದ್ದವರೇ ಜೋಕಾದರು. ಬೀಚಿಯವರದು ಬೇರೆಯೇ ದಾರಿ. 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದಿದ್ದ ಡಿ.ವಿ.ಜಿ. ಮುಂದೆ ‘ಮಂಕುತಿಮ್ಮನ ಕಗ್ಗ’ ಬರೆದರಲ್ಲ, ಅದರ ಗಾಂಭೀರ್ಯಕ್ಕೆ ಎದುರಾಗಿ ‘ಅಂದನಾ ತಿಮ್ಮ’ ಎಂದು ಇನ್ನೊಬ್ಬ ತಿಮ್ಮನನ್ನು ನಿಲ್ಲಿಸಿದವರು ಅವರು. ಎರಡನ್ನೂ ಒಟ್ಟಿಗೆ ತಲೆದಿಂಬಿನ ಪಕ್ಕ ಇಟ್ಟುಕೊಳ್ಳಬಹುದು, ಜಗಳವಾಡುವುದಿಲ್ಲ. ಆತ್ಮಕತೆಗೆ ‘ನನ್ನ ಭಯಾಗ್ರಫಿ’ ಎಂದು ಹೆಸರಿಟ್ಟ ಮನುಷ್ಯನ ಬಗ್ಗೆ ಹೆಚ್ಚು ಹೇಳಬೇಕಾಗಿಯೂ ಇಲ್ಲ.

ಕೊಡಗಿನ ಓದುಗರಿಗೆ ನಿಜವಾಗಿ ಹತ್ತಿರವಾಗುವವರು ಗಡಿಯಾಚೆಯ ಇಬ್ಬರು. ಸೋಮವಾರಪೇಟೆ ದಾಟಿದರೆ ಹಾಸನ ಜಿಲ್ಲೆ. ಅಲ್ಲಿ ಹೇಮಾವತಿಯ ದಡದ ಗೊರೂರು. 1930ರ ‘ಹಳ್ಳಿಯ ಚಿತ್ರಗಳು’, ಅನಂತರದ ‘ನಮ್ಮ ಊರಿನ ರಸಿಕರು’ ಪುಸ್ತಕಗಳಲ್ಲಿ ರಾಮಸ್ವಾಮಿ ಅಯ್ಯಂಗಾರ್ಯರು ಜೋಕು ಹೇಳುವುದೇ ಇಲ್ಲ. ಒಬ್ಬ ಮನುಷ್ಯನನ್ನು ತಂದು ನಿಲ್ಲಿಸುತ್ತಾರೆ, ಅವನನ್ನು ಮಾತಾಡಲು ಬಿಡುತ್ತಾರೆ, ತಾವು ಸುಮ್ಮನಾಗುತ್ತಾರೆ. ‘ನಮ್ಮ ಎಮ್ಮೆಗೆ ಮಾತು ತಿಳಿಯುವುದೇ?’ ಎಂಬ ಅವರ ಪ್ರಬಂಧ ಪಠ್ಯಪುಸ್ತಕದಲ್ಲಿ ಬಂದದ್ದು ಅದರ ಭಾಗ್ಯವೋ ದುರದೃಷ್ಟವೋ ಹೇಳುವುದು ಕಷ್ಟ. ಎಮ್ಮೆಯ ಮೇಲೆ ಐದು ಅಂಕದ ಪ್ರಶ್ನೆಗೆ ಉತ್ತರ ಬರೆದವರು ಎಮ್ಮೆಯನ್ನು ಮತ್ತೆ ನೋಡಲು ಬಯಸುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಒಮ್ಮೆ ಮತ್ತೆ ಕೊಟ್ಟಿಗೆಗೆ ಹೋಗಿ ಬನ್ನಿ. ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎಪ್ಪತ್ತು ದಾಟಿದ ಅಜ್ಜ ಗೊರೂರಿನ ಕಣ್ಣಿನಿಂದಲೇ ಅಮೆರಿಕವನ್ನು ಅಳೆಯುವ ಪರಿ ಅದರಲ್ಲಿದೆ. ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ಈಗಿನ ಅಪ್ಪ ಅಮ್ಮಂದಿರಿಗೆ ಅದು ನಿನ್ನೆ ಬರೆದಂತೆ ಕಾಣುತ್ತದೆ.

ಇನ್ನೊಬ್ಬರು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. ‘ಕರ್ವಾಲೊ’ ಅಚ್ಚಾದದ್ದು 1980ರಲ್ಲಿ. ಅದನ್ನು ವಿಜ್ಞಾನ, ವಿಕಾಸವಾದ, ಹಾರುವ ಓತಿ ಎಂದು ಪಾಠ ಮಾಡುತ್ತಾರೆ. ಎಲ್ಲ ನಿಜ. ಆದರೆ ಮಂದಣ್ಣನ ಮದುವೆಯ ಚಿಂತೆ, ಬಿರಿಯಾನಿ ಕರಿಯಪ್ಪನ ಹೊಟ್ಟೆಯ ಚಿಂತೆ ಇವು ಮುಗಿಯುವ ಹೊತ್ತಿಗೆ ಓತಿ ಸಿಗದಿದ್ದರೂ ಪರವಾಗಿಲ್ಲ ಅನ್ನಿಸಿರುತ್ತದೆ. ಕಾಫಿ ತೋಟ, ಜೇನುಪೆಟ್ಟಿಗೆ, ಕೂಲಿಯಾಳುಗಳ ರಗಳೆ, ಮಳೆ, ಕೆಟ್ಟುನಿಂತ ಜೀಪು: ಇವುಗಳ ನಡುವೆ ಬದುಕುವ ಕೊಡಗಿನವರಿಗೆ ಇದರಲ್ಲಿ ಅಡಿಟಿಪ್ಪಣಿಯೇ ಬೇಡ. ವಿರಾಜಪೇಟೆಯ ಸಂತೆಯಲ್ಲಿ ಈ ಮಂದಣ್ಣ ಸಿಕ್ಕರೆ ಯಾರೂ ಆಶ್ಚರ್ಯಪಡುವುದಿಲ್ಲ. ಕಾದಂಬರಿಗೆ ಪುರುಸೊತ್ತಿಲ್ಲದವರು ‘ಪರಿಸರದ ಕತೆ’ಯಿಂದ ಶುರುಮಾಡಬಹುದು. ಬಸ್ಸಿನಲ್ಲಿ ಮಾತ್ರ ಓದಬೇಡಿ. ಒಬ್ಬರೇ ನಗುವವರನ್ನು ಸಹಪ್ರಯಾಣಿಕರು ನೋಡುವ ರೀತಿ ಚೆನ್ನಾಗಿರುವುದಿಲ್ಲ.

ಮಡಿಕೇರಿಯಲ್ಲಿ ಸಾಹಿತ್ಯ ಸಮ್ಮೇಳನ 1981ರಲ್ಲಿ ಮತ್ತೆ ನಡೆಯಿತು, 2014ರಲ್ಲಿ ಇನ್ನೊಮ್ಮೆ. ಪಂಜೆಯವರು ಸ್ವತಃ 1934ರ ರಾಯಚೂರು ಸಮ್ಮೇಳನದ ಅಧ್ಯಕ್ಷರಾಗಿದ್ದರು. 1937ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಹೀಗಾಗಿ ಅವರನ್ನು ಕನ್ನಡ ಮರೆತಿದೆ ಎನ್ನುವ ಹಾಗಿಲ್ಲ. ಹಾಡಾಗಿ, ಭಾವಚಿತ್ರವಾಗಿ, ಮಕ್ಕಳ ಸಾಹಿತ್ಯದ ಪಿತಾಮಹನಾಗಿ ಅವರು ಗೋಡೆಯ ಮೇಲಿದ್ದಾರೆ. ಗೋಡೆಯಿಂದ ಇಳಿಸಬೇಕೆಂದರೆ ಯಾವ ಪುಸ್ತಕ ಹಿಡಿಯಬೇಕು ಎಂದು ಕೇಳಿದರೆ, ನಾನು ‘ನನ್ನ ಚಿಕ್ಕತಾಯಿ’ಯನ್ನೂ ಎರಡನೆಯದಾಗಿ ಹೇಳುತ್ತೇನೆ. ಮೊದಲನೆಯದು ‘ಸಿಗಡಿ ಯಾಕೆ ಒಣಗಲಿಲ್ಲ?’. ಬಿಸಿಲಿಗೆ ಹಾಕಿದ ಸಿಗಡಿ ಒಣಗಲಿಲ್ಲ ಎಂಬ ದೂರು ಒಬ್ಬರಿಂದ ಒಬ್ಬರಿಗೆ ದಾಟುತ್ತಾ, ಪ್ರತಿಯೊಬ್ಬರೂ ತಪ್ಪನ್ನು ಮುಂದಿನವರ ತಲೆಗೆ ಕಟ್ಟುತ್ತಾ ಹೋಗುವ ಸರಪಳಿ ಕತೆ. ಸರಕಾರಿ ಕಚೇರಿಯ ಮೆಟ್ಟಿಲು ಹತ್ತಿಳಿದ ಯಾರಿಗೂ ಇದು ಮಕ್ಕಳ ಕತೆ ಮಾತ್ರ ಅನ್ನಿಸುವುದಿಲ್ಲ. ಮನೆಯಲ್ಲಿ ಮಗುವಿದ್ದರೆ ಗಟ್ಟಿಯಾಗಿ ಓದಿ, ಇಲ್ಲದಿದ್ದರೂ ಗಟ್ಟಿಯಾಗಿಯೇ ಓದಿ. ಕಾಲ ಮಾತ್ರ ನೋಡಿಕೊಳ್ಳಿ: ಜುಲೈ ತಿಂಗಳ ಭಾಗಮಂಡಲದಲ್ಲಿ ಸಿಗಡಿ ಯಾಕೆ ಒಣಗಲಿಲ್ಲ ಎಂದು ಕೇಳಿದರೆ, ಅಲ್ಲಿಯವರು ಆಕಾಶದ ಕಡೆ ಕೈ ತೋರಿಸಿ ಕತೆಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ.